ಆರು ಕಾರ್ಡು, ನಾಲ್ಕು ವೃತ್ತ: ಟ್ಯಾರೋ ಹಿಡಿದು ಇಕಿಗಾಯ್ ಹುಡುಕುವ ಬಗೆ

ಇಕಿಗಾಯ್ ಅಂದರೆ ಬದುಕಲು ಕಾರಣ, ಜಪಾನಿ ಮಾತು. ಅದರ ನಾಲ್ಕು ವೃತ್ತಗಳ ಚಿತ್ರವನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. ಇಷ್ಟವಾದದ್ದು, ಚೆನ್ನಾಗಿ ಬರುವಂಥದ್ದು, ಲೋಕಕ್ಕೆ ಬೇಕಾದದ್ದು, ದುಡ್ಡು ತರುವಂಥದ್ದು; ನಾಲ್ಕೂ ಒಂದರ ಮೇಲೊಂದು ಬೀಳುವ ನಡುವಿನ ಜಾಗದಲ್ಲಿ ಬಾಳಿನ ಗುರಿ ಇದೆ ಅನ್ನುವ ಚಿತ್ರ. ಕೊಡಗಿನಲ್ಲಿ ಆ ಹಾಳೆಯನ್ನೂ ಒಂದು ಪೆನ್ನನ್ನೂ ಕೊಟ್ಟು ನೋಡಿ, ಮೊದಲು ತುಂಬುವುದು ದುಡ್ಡಿನ ವೃತ್ತ. ರೋಬಸ್ಟಾ ಕಾಫಿ ಚೆರ್ರಿ 50 ಕೆಜಿ ಚೀಲಕ್ಕೆ ಎಷ್ಟು, ಮೆಣಸು ಈ ವರ್ಷ ಹೇಗೆ, ಹೋಂಸ್ಟೇಗೆ ಇನ್ನೊಂದು ರೂಮು ಎಳೆದರೆ ಗಿಟ್ಟುತ್ತದಾ. ಅದು ತುಂಬಿದ ಮೇಲೆ ಉಳಿದ ಮೂರರಲ್ಲಿ ಬರುವುದೆಲ್ಲ ಬಾಯಿಪಾಠ: ‘ತೋಟ’, ‘ಮಕ್ಕಳು’, ‘ಹಾಕಿ ಆಟ’, ‘ಸಮಾಜಸೇವೆ’. ಯಾವುದೂ ಸುಳ್ಳಲ್ಲ. ಆದರೆ ಇಷ್ಟರಿಂದ ನಾಳೆ ಬೆಳಗ್ಗೆ ಏನು ಮಾಡಬೇಕು ಅನ್ನುವುದು ತಿಳಿಯುವುದಿಲ್ಲ.

ಟ್ಯಾರೋ, ಅಂದರೆ ಚಿತ್ರಗಳಿರುವ 78 ಕಾರ್ಡುಗಳ ಕಟ್ಟು, ಕೆಲಸಕ್ಕೆ ಬರುವುದು ಈ ಬಾಯಿಪಾಠ ಕೆಡಿಸುವುದಕ್ಕೆ. ನೀವು ನಿರೀಕ್ಷಿಸದ ಒಂದು ಚಿತ್ರ ಎದುರಿಗೆ ಬಿದ್ದಾಗ ರೆಡಿಯಾಗಿ ಇಟ್ಟುಕೊಂಡ ಉತ್ತರ ಅಲ್ಲಿ ಹೊಂದುವುದಿಲ್ಲ, ಹೊಸದಾಗಿ ಯೋಚಿಸಬೇಕಾಗುತ್ತದೆ. ಇದಕ್ಕಿಂತ ಹೆಚ್ಚಿನ ಶಕ್ತಿಯನ್ನು ಕಾರ್ಡಿಗೆ ಕೊಡಬೇಕಿಲ್ಲ. ಇದು ಕಣಿ ಅಲ್ಲ, ಜಾತಕ ಅಲ್ಲ, ಮುಂದೆ ಆಗುವುದನ್ನು ಹೇಳುವ ವಿದ್ಯೆಯೂ ಅಲ್ಲ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಇಸ್ಪೀಟಿನ ಹಾಗೆ ಆಡುವ ಆಟಕ್ಕಾಗಿ. ಭವಿಷ್ಯ ಹೇಳುವ ಬಳಕೆ ಹಬ್ಬಿದ್ದು 18ನೇ ಶತಮಾನದ ಫ್ರಾನ್ಸಿನಿಂದ.

ವೃತ್ತಗಳ ಕಥೆಯೂ ಹಾಗೆಯೇ. ಆ ಚಿತ್ರ ಜಪಾನಿನದಲ್ಲ. 2011ರಲ್ಲಿ ಸ್ಪೇನಿನ ಜ್ಯೋತಿಷಿ ಆಂಡ್ರೆಸ್ ಸುಸುನಾಗಾ ನಡುವೆ ‘ಉದ್ದೇಶ’ ಎಂದು ಬರೆದು ಇಂಥದ್ದೊಂದು ಚಿತ್ರ ಮಾಡಿದರು. 2014ರಲ್ಲಿ ಮಾರ್ಕ್ ವಿನ್ ಎನ್ನುವ ಬ್ಲಾಗ್ ಬರಹಗಾರ ಆ ಜಾಗದಲ್ಲಿ ‘ಇಕಿಗಾಯ್’ ಎಂದು ಬರೆದರು, ಅದು ಜಗತ್ತೆಲ್ಲ ಓಡಾಡಿತು. ಜಪಾನಿನಲ್ಲಿ ಇಕಿಗಾಯ್ ಬಗ್ಗೆ ಗಂಭೀರವಾಗಿ ಬರೆದವರಲ್ಲಿ ಮೊದಲು ನೆನೆಯಬೇಕಾದವರು ಮನೋವೈದ್ಯೆ ಮಿಯೆಕೊ ಕಾಮಿಯಾ. ನಾಗಾಶಿಮಾ ದ್ವೀಪದ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಅನುಭವದಿಂದ ಅವರು 1966ರಲ್ಲಿ ಬರೆದರು. ಮನೆ, ಸಂಪಾದನೆ, ಊರು ಎಲ್ಲ ಕಳೆದುಕೊಂಡವರಲ್ಲೂ ಕೆಲವರಿಗೆ ಬದುಕಲು ಕಾರಣ ಇರುತ್ತದೆ, ಎಲ್ಲ ಇದ್ದವರಲ್ಲೂ ಕೆಲವರಿಗೆ ಇರುವುದಿಲ್ಲ, ಯಾಕೆ ಅನ್ನುವುದು ಅವರ ಪ್ರಶ್ನೆ. ಅಲ್ಲಿ ದುಡ್ಡಿನ ಮಾತು ಬರಲೇಬೇಕಿಲ್ಲ. ಬದುಕಿಗೆ ಕಾರಣವಾಗುವ ಸಂಗತಿ ಒಂದು, ಅದರಿಂದ ಹುಟ್ಟುವ ಅನುಭವ ಇನ್ನೊಂದು ಎಂದೂ ಅವರು ಬಿಡಿಸಿ ಹೇಳುತ್ತಾರೆ.

ಹಾಗಾದರೆ ವೃತ್ತಗಳನ್ನು ಎಸೆಯಬೇಕೆ? ಬೇಡ. ಕೇಳುವ ಪ್ರಶ್ನೆಗಳು ಚೆನ್ನಾಗಿವೆ. ಆದರೆ ನಾಲ್ಕೂ ಕೂಡಿದರೆ ಮಾತ್ರ ಇಕಿಗಾಯ್ ಅನ್ನುವ ಷರತ್ತನ್ನು ಬಿಡಿ. ದುಡ್ಡಿನ ಸರದಿಯನ್ನು ಹಿಂದಕ್ಕೆ ಹಾಕಿ. ಇಲ್ಲಿ ವಿವರಿಸುವ ಹರವಿನಲ್ಲಿ, ಅಂದರೆ ಕಾರ್ಡು ಜೋಡಿಸುವ ಕ್ರಮದಲ್ಲಿ, ಅದಕ್ಕೆ ಐದನೇ ಜಾಗ.

ಸಾಮಾನು, ಹೊತ್ತು, ಜಾಗ

78 ಕಾರ್ಡುಗಳ ಒಂದು ಪೂರ್ತಿ ಕಟ್ಟು ಬೇಕು. ಹೊಸಬರು 1909ರಲ್ಲಿ ಲಂಡನ್‌ನಲ್ಲಿ ಪ್ರಕಟವಾದ ರೈಡರ್-ವೇಟ್ ಮಾದರಿಯದ್ದನ್ನೇ ಕೊಳ್ಳಿ. ಆರ್ಥರ್ ಎಡ್ವರ್ಡ್ ವೇಟ್ ಯೋಜಿಸಿ, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ ಕಟ್ಟು ಅದು. ಅದನ್ನೇ ಹೇಳುವುದಕ್ಕೆ ಕಾರಣವಿದೆ: ಹಳೆಯ ಕಟ್ಟುಗಳಲ್ಲಿ ಬಟ್ಟಲು ಮೂರು ಎಂದರೆ ಮೂರು ಬಟ್ಟಲಿನ ಚಿತ್ರ, ಮುಗಿಯಿತು. ಸ್ಮಿತ್ ಬರೆದ ಕಟ್ಟಿನಲ್ಲಿ ಅಂಕಿಯ ಕಾರ್ಡುಗಳಲ್ಲೂ ಹೆಚ್ಚಿನವುಗಳಲ್ಲಿ ಯಾರೋ ಏನೋ ಮಾಡುತ್ತಿರುತ್ತಾರೆ. ನಮಗೆ ಬೇಕಾದದ್ದು ಆ ‘ಮಾಡುತ್ತಿರುವುದು’. ಆನ್‌ಲೈನಿನಲ್ಲಿ ಸಿಗುವ ಅಗ್ಗದ ನಕಲಿನಲ್ಲಿ ಕಾರ್ಡು ಕಿರಿದಾಗಿ, ಮುಖಗಳು ಮಸುಕಾಗಿರುತ್ತವೆ. ಚಿತ್ರ ಕಾಣದಿದ್ದರೆ ಈ ವಿಧಾನಕ್ಕೆ ಅರ್ಥವೇ ಇಲ್ಲ.

78ರಲ್ಲಿ 22 ಮೇಜರ್ ಆರ್ಕಾನಾ: ಫೂಲ್, ಸನ್, ಡೆತ್, ಟವರ್ ಮುಂತಾದ ಹೆಸರಿನ ಕಾರ್ಡುಗಳು. ಉಳಿದ 56 ಮೈನರ್ ಆರ್ಕಾನಾ, ಇಸ್ಪೀಟಿನ ಹಾಗೆಯೇ ನಾಲ್ಕು ಬಣ್ಣ: ಕಪ್ಸ್ ಎಂದರೆ ಬಟ್ಟಲು, ವ್ಯಾಂಡ್ಸ್ ಎಂದರೆ ಕೋಲು, ಸ್ವೋರ್ಡ್ಸ್ ಎಂದರೆ ಕತ್ತಿ, ಪೆಂಟಕಲ್ಸ್ ಎಂದರೆ ನಾಣ್ಯ. ಒಂದೊಂದರಲ್ಲೂ ಏಸ್‌ನಿಂದ 10ರವರೆಗೆ, ಮೇಲೆ ಪೇಜ್, ನೈಟ್, ಕ್ವೀನ್, ಕಿಂಗ್. ಇಷ್ಟು ಗೊತ್ತಿದ್ದರೆ ಸಾಕು. 78 ಅರ್ಥಗಳನ್ನು ಉರು ಹೊಡೆಯಲು ಹೋಗಬೇಡಿ. ಅದು ಇನ್ನೊಂದು ಬಾಯಿಪಾಠ.

ಇದರ ಜೊತೆಗೆ 100 ಪುಟದ ರೂಲ್ಡ್ ನೋಟ್‌ಬುಕ್, ಪೆನ್ನು, ಕಾರ್ಡು ಜಾರದ ಹಾಗೆ ಒಂದು ಹತ್ತಿ ಬಟ್ಟೆ. ಮೊಬೈಲ್ ಟೈಮರ್ ಇಟ್ಟುಕೊಳ್ಳಿ, ನೋಟಿಫಿಕೇಶನ್ ಆಫ್ ಮಾಡಿ.

ಮೊದಲ ಬೈಠಕ್ಕಿಗೆ ಒಂದೂವರೆ ಗಂಟೆ ಬೇಕು. ಹಗಲಿನಲ್ಲೇ ಕೂರಿ. ಎಮರ್ಜೆನ್ಸಿ ಲೈಟಿನಲ್ಲೋ ಮೇಣದ ಬತ್ತಿಯಲ್ಲೋ ಕಾರ್ಡಿನ ಬಣ್ಣ, ಹಿನ್ನೆಲೆಯ ಸಣ್ಣ ವಿವರ ಕಾಣುವುದಿಲ್ಲ. ವಾತಾವರಣಕ್ಕೆಂದು ದೀಪ ಆರಿಸಿ ಕೂರುವುದು ಸಿನಿಮಾದ ಟ್ಯಾರೋ. ವರ್ಷದಲ್ಲಿ ಯಾವಾಗ ಅಂದರೆ, ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ಕಳೆದು ಅರೇಬಿಕಾ ಕುಯ್ಲು ಶುರುವಾಗುವ ಮುಂಚಿನ ವಾರಗಳು ಒಳ್ಳೆಯವು. ನಾಟಿ ಮುಗಿದಿರುತ್ತದೆ, ಮಳೆ ಇಳಿಯುತ್ತಿರುತ್ತದೆ, ಆಳಿನ ತಲೆಬಿಸಿ ಇನ್ನೂ ಹತ್ತಿರುವುದಿಲ್ಲ. ಕುಯ್ಲಿನ ನಡುವೆ ಬೇಡವೇ ಬೇಡ. ದಿನವಿಡೀ ತೂಕ ಹಾಕಿಸಿ, ಕಣದಲ್ಲಿ ಕಾಫಿ ಕೆದಕಿಸಿ ಬಂದು ಕೂತವರಿಗೆ ಯಾವ ಕಾರ್ಡು ತೆಗೆದರೂ ‘ಸಾಕಾಯ್ತು’ ಎಂದೇ ಕಾಣುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆಗೆ ಕಾಯುವ ದಿನಗಳೂ ಅಷ್ಟಕ್ಕಷ್ಟೆ. ಕಣ್ಣು ಕಾರ್ಡಿನ ಮೇಲಿದ್ದರೂ ಕಿವಿ ಆಕಾಶದ ಕಡೆಗಿರುತ್ತದೆ.

ಮಳೆಗಾಲದಲ್ಲಿ ಕಾರ್ಡಿನ ಪಾಡು

ಬೆಂಗಳೂರಿನವರು ಬರೆದ ಟ್ಯಾರೋ ಪುಸ್ತಕದಲ್ಲಿ ಇದು ಇರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಗೋಡೆಯೇ ಬೆವರುವಾಗ ಕಾರ್ಡಿನ ರಟ್ಟು ತೇವ ಹೀರಿ ಬಾಗುತ್ತದೆ, ಮೇಲಿನ ಹೊಳಪಿನ ಪದರ ಒಂದಕ್ಕೊಂದು ಅಂಟುತ್ತದೆ, ಅಂಚಿನಲ್ಲಿ ಬೂಸ್ಟು ಹಿಡಿಯುತ್ತದೆ. ಇದರಿಂದ ಓದಿಗೇ ತೊಂದರೆ. ಬಾಗಿದ ಕಾರ್ಡು ಕಟ್ಟಿನಲ್ಲಿ ಸಣ್ಣ ಸಂದು ಮಾಡಿಕೊಂಡಿರುತ್ತದೆ. ಎತ್ತುವಾಗ ಬೆರಳು ತಾನಾಗಿಯೇ ಆ ಸಂದಿಗೆ ಹೋಗುತ್ತದೆ. ಒಂದೇ ಕಾರ್ಡು ಮೂರು ಸಲ ಬಂತು, ಏನೋ ಹೇಳುತ್ತಿದೆ ಎಂದು ಬೆರಗಾಗುವ ಮೊದಲು ಕಟ್ಟನ್ನು ಮೇಜಿನ ಮೇಲಿಟ್ಟು ಬದಿಯಿಂದ ನೋಡಿ.

ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ಮೂರು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಹೊಸ ಶೂ, ಬ್ಯಾಗಿನ ಜೊತೆ ಬರುವಂಥವೇ ಸಾಕು, ತಿಂಗಳಿಗೊಮ್ಮೆ ಬದಲಿಸಿ. ಬಾಗಿದ್ದರೆ ಎರಡು ದಪ್ಪ ಪುಸ್ತಕದ ನಡುವೆ ಎರಡು ದಿನ ಒತ್ತಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಒಣಗುತ್ತದೆ ನಿಜ, ಆದರೆ ಹೊಗೆಗೆ ಹಳದಿಯಾಗಿ ಇನ್ನೊಂದು ದಿಕ್ಕಿಗೆ ಬಾಗುತ್ತದೆ. ಅದು ಮಾಂಸ ಒಣಗಿಸುವ ಜಾಗ, ಕಾರ್ಡಿನದಲ್ಲ.

ಕಾರ್ಡು ಮುಟ್ಟುವ ಮೊದಲು: 20 ನಿಮಿಷದ ಬರವಣಿಗೆ

ಈ ಹೆಜ್ಜೆ ಬಿಟ್ಟವರದ್ದು ಮುಂದೆ ಏನೂ ಕೂಡಿ ಬರುವುದಿಲ್ಲ. ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟಕ್ಕೆ ನಾಲ್ಕು ತಲೆಬರಹ ಹಾಕಿ: ಇಷ್ಟ, ಊರಿಗೆ ಬೇಕಾದದ್ದು, ಕೈ ಪಳಗಿದ್ದು, ದುಡ್ಡು. ಒಂದೊಂದಕ್ಕೆ 5 ನಿಮಿಷ, ಐದು ಸಾಲು. ನಿಯಮ ಒಂದೇ. ಪ್ರತಿ ಸಾಲೂ ಒಂದು ಕೆಲಸವಾಗಿರಬೇಕು, ಬರೀ ಹೆಸರಾಗಿರಬಾರದು.

‘ತೋಟ’ ಎಂದು ಬರೆಯಬೇಡಿ. ತೋಟದಲ್ಲಿ ಏನು? ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದಕ್ಕೆ, ಮೊದಲು ಕೆಳಗೆ ನಿಂತು ಯಾವ ಕೊಂಬೆ ತೆಗೆದರೆ ಎಷ್ಟು ಬಿಸಿಲು ಬೀಳುತ್ತದೆ ಎಂದು ಲೆಕ್ಕ ಹಾಕುವುದಾ? ಸಂಜೆ ತೋಟದ ರೈಟರ್ ಜೊತೆ ಆಳುಗಳ ಹಾಜರಿಯ ಚೆಕ್‌ರೋಲ್ ನೋಡುವುದಾ? ಮೆಣಸಿನ ಬಳ್ಳಿ ಹಬ್ಬಿಸುವುದಾ? ಮೂವರು ‘ತೋಟ’ ಎಂದು ಬರೆದಿದ್ದರೆ ಮೂವರದ್ದೂ ಬೇರೆ ಬೇರೆ ಆಗಿರಬಹುದು. ಮೊದಲನೆಯವರು ಕಣ್ಣಿನಿಂದ ಅಳೆಯುವ ಕೆಲಸ ಇಷ್ಟಪಡುವವರು, ಎರಡನೆಯವರು ಜನರ ಜೊತೆಗಿನ ಲೆಕ್ಕಾಚಾರ, ಮೂರನೆಯವರು ಗಿಡ. ತೋಟ ಮಾರಿ ಹೋದರೂ ಮೊದಲನೆಯವರ ಇಷ್ಟ ಬೇರೆ ಕಡೆ ಬದುಕುತ್ತದೆ. ‘ಸಮಾಜಸೇವೆ’ಯನ್ನೂ ಹೀಗೇ ಬಿಡಿಸಿ: ಸಾವಿನ ಮನೆಯಲ್ಲಿ ಅಡುಗೆ ಉಸ್ತುವಾರಿ ನೋಡುವುದು, ವಯಸ್ಸಾದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಪಂಚಾಯ್ತಿಗೆ ಅರ್ಜಿ ಬರೆದುಕೊಡುವುದು.

ಐದು ಸಾಲು ಬರದಿದ್ದರೆ ಖಾಲಿ ಬಿಡಿ. ಖಾಲಿ ಸಾಲು ಆಮೇಲೆ ಉಪಯೋಗಕ್ಕೆ ಬರುತ್ತದೆ.

ಕಲಸುವುದು, ಹರವುವುದು

ಟ್ಯಾರೋ ಕಾರ್ಡು ಇಸ್ಪೀಟಿಗಿಂತ ದೊಡ್ಡದು. ಇಸ್ಪೀಟಿನ ಹಾಗೆ ಎರಡು ಪಾಲು ಮಾಡಿ ಬಗ್ಗಿಸಿ ಜೋಡಿಸಿದರೆ ನಡುವೆ ಮಡಿಕೆ ಬೀಳುತ್ತದೆ. ಬಟ್ಟೆಯ ಮೇಲೆ ಎಲ್ಲವನ್ನೂ ಬೋರಲು ಸುರಿದು ಎರಡೂ ಅಂಗೈಯಿಂದ ಒಂದು ನಿಮಿಷ ಕಲಸಿ, ಒಟ್ಟುಗೂಡಿಸಿ. ತಲೆಕೆಳಗಾಗಿ ಬಂದ ಕಾರ್ಡನ್ನು ನೇರ ಮಾಡಿಬಿಡಿ. ಉಲ್ಟಾ ಕಾರ್ಡಿಗೆ ಬೇರೆ ಅರ್ಥ ಹೇಳುವ ಪದ್ಧತಿ ಉಂಟು, ಆದರೆ ಚಿತ್ರವನ್ನೇ ನೋಡುವ ಈ ವಿಧಾನಕ್ಕೆ ಅದರಿಂದ ಗೊಂದಲ ಮಾತ್ರ.

ಹರವಿನ ಕ್ರಮ ಇದು. ಮೊದಲನೆಯ ಕಾರ್ಡು ಮೇಲೆ: ಇಷ್ಟ. ಎರಡನೆಯದು ಕೆಳಗೆ: ಊರಿಗೆ ಬೇಕಾದದ್ದು. ಮೂರನೆಯದು ಎಡಕ್ಕೆ: ಕೈ ಪಳಗಿದ್ದು. ನಾಲ್ಕನೆಯದು ಎಲ್ಲಕ್ಕಿಂತ ಆಚೆ, ಬಟ್ಟೆಯ ಮೂಲೆಯಲ್ಲಿ: ಮನೆ. ಐದನೆಯದು ಬಲಕ್ಕೆ: ದುಡ್ಡು. ಆರನೆಯದು ನಡುವೆ: ನಾಳೆ.

‘ಮನೆ’ಯ ಕಾರ್ಡು ವೃತ್ತದ ಚಿತ್ರದಲ್ಲಿ ಇಲ್ಲ, ಇಲ್ಲಿ ಬೇಕೇ ಬೇಕು. ಐನ್‌ಮನೆ ಎಂಬ ಮನೆತನದ ಮೂಲಮನೆ, ಒಕ್ಕ ಎಂಬ ಮನೆತನ, ತಲೆಮಾರಿನಿಂದ ಬಂದ ಜಮ್ಮಾ ಜಾಗ, ಪಾಲಾಗದ ಗದ್ದೆ, ಬೆಂಗಳೂರಿನಲ್ಲಿರುವ ಮಕ್ಕಳು, ಒಬ್ಬರೇ ಇರುವ ಅಪ್ಪ ಅಮ್ಮ. ಇದ್ಯಾವುದೂ ‘ನನಗೆ ಏನಿಷ್ಟ’ ಅನ್ನುವ ಪ್ರಶ್ನೆಯಲ್ಲಿ ಕಾಣುವುದಿಲ್ಲ, ಆದರೆ ಉತ್ತರವನ್ನು ಒಳಗಿನಿಂದ ಎಳೆಯುತ್ತಿರುತ್ತದೆ. ಅದಕ್ಕೊಂದು ಜಾಗ ಕೊಟ್ಟರೆ ಬೇರೆ ಕಾರ್ಡುಗಳ ಮೇಲೆ ಬಂದು ಕೂರುವುದಿಲ್ಲ. ಈ ಕಾರ್ಡಿಗೆ ಕೇಳುವ ಪ್ರಶ್ನೆ: ಮನೆ ನನ್ನಿಂದ ಬಯಸುವುದು ಏನು, ಅದರಲ್ಲಿ ನಾನು ಒಪ್ಪಿ ಹೊತ್ತದ್ದು ಎಷ್ಟು?

ಆರನೆಯ ಕಾರ್ಡಿಗೆ ಒಂದು ವಿನಾಯಿತಿ. ಅಲ್ಲಿ ಎಂಪರರ್, ವರ್ಲ್ಡ್ ಅಂಥದ್ದು ಬಂದರೆ ‘ನಾಳೆ’ ಎನ್ನುವುದು ಕೂಡಲೇ ‘ಜೀವನಪೂರ್ತಿ’ ಆಗಿಬಿಡುತ್ತದೆ. ಆದ್ದರಿಂದ 2ರಿಂದ 10ರವರೆಗಿನ 36 ಕಾರ್ಡುಗಳಲ್ಲಿ ಒಂದು ಬರುವವರೆಗೂ ತೆಗೆಯುತ್ತಾ ಹೋಗಿ. ಥ್ರೀ ಆಫ್ ಸ್ವೋರ್ಡ್ಸ್, ಏಯ್ಟ್ ಆಫ್ ವ್ಯಾಂಡ್ಸ್‌ನಲ್ಲಿ ಮನುಷ್ಯರೇ ಇಲ್ಲ. ಬಂದರೆ ಮುಂದಿನದಕ್ಕೆ ಹೋಗಿ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಟವರ್ ಕಾರ್ಡಿನಲ್ಲಿ ಸಿಡಿಲು ಬಡಿದು ಗೋಪುರದ ತಲೆ ಹಾರಿದೆ, ಇಬ್ಬರು ಕೆಳಗೆ ಬೀಳುತ್ತಿದ್ದಾರೆ. ಆಗಸ್ಟ್ 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡವರ ಎದುರು ಆ ಚಿತ್ರ ಬಂದರೆ ಅಂದಿನ ಬೈಠಕ್ ಅಲ್ಲಿಗೇ ನಿಂತಿತು. ಅಂಥವರು ಜೊತೆಗಿದ್ದರೆ ಕಲಸುವ ಮೊದಲೇ, ಮಾತಿಲ್ಲದೆ, ಆ ಕಾರ್ಡು ತೆಗೆದಿಡಿ. ಮನೆಯಲ್ಲಿ ಹತ್ತಿರದ ಸಾವಾಗಿದ್ದರೆ ಡೆತ್ ಕಾರ್ಡನ್ನೂ ತೆಗೆಯಿರಿ. 76 ಕಾರ್ಡಿನಿಂದಲೂ ಕೆಲಸ ಚೆನ್ನಾಗಿ ನಡೆಯುತ್ತದೆ. ಕಟ್ಟು ಪೂರ್ತಿ ಇರಲೇಬೇಕು ಎಂದು ಹಟ ಹಿಡಿಯುವವರು ಕಾರ್ಡಿಗೆ ಕೊಡುವ ಮರ್ಯಾದೆಯನ್ನು ಎದುರು ಕೂತವರಿಗೆ ಕೊಡುತ್ತಿಲ್ಲ.

ಒಂದು ಕಾರ್ಡು ಓದುವ ರೀತಿ

ಆರನ್ನೂ ಒಟ್ಟಿಗೆ ತಿರುಗಿಸಬೇಡಿ. ಒಂದು ತಿರುಗಿಸಿ, ಅದನ್ನು ಮುಗಿಸಿ, ಮುಂದಿನದು. ಪ್ರತಿ ಕಾರ್ಡಿಗೆ 8ರಿಂದ 10 ನಿಮಿಷ.

ಮೊದಲು ಕಂಡದ್ದನ್ನು ಮೂರು ವಾಕ್ಯದಲ್ಲಿ ಬರೆಯಿರಿ, ಪೊಲೀಸ್ ಮಹಜರಿನ ಹಾಗೆ. ಯಾರಿದ್ದಾರೆ, ಕೈಯಲ್ಲಿ ಏನಿದೆ, ಎಲ್ಲಿ ನೋಡುತ್ತಿದ್ದಾರೆ, ಹಿಂದೆ ಏನಿದೆ. ‘ದುಃಖದಲ್ಲಿದ್ದಾನೆ’ ಎಂದು ಬರೆದರೆ ಹೊಡೆದು ಹಾಕಿ. ಕಂಡದ್ದು ತಲೆ ತಗ್ಗಿಸಿದ್ದು ಮಾತ್ರ. ಆಮೇಲೆ ಕಣ್ಣು ಮತ್ತೆ ಮತ್ತೆ ಹೋಗುವ ಒಂದು ವಿವರಕ್ಕೆ ಸುತ್ತು ಹಾಕಿ. ಎರಡಲ್ಲ, ಒಂದೇ. ಆ ವಿವರವನ್ನು ಆ ಜಾಗದ ತಲೆಬರಹಕ್ಕೆ ಕಟ್ಟಿ ಒಂದು ಪ್ರಶ್ನೆ ಮಾಡಿ. ಪ್ರಶ್ನೆ ‘ಯಾವಾಗ’, ‘ಯಾರ ಜೊತೆ’, ‘ಎಲ್ಲಿ’, ‘ಎಷ್ಟು ಹೊತ್ತು’ ಎಂದು ಇರಲಿ. ‘ಯಾಕೆ’ ಬೇಡ. ‘ಯಾಕೆ’ ಎಂದು ಕೇಳಿದ ಕೂಡಲೇ ಸಮರ್ಥನೆ ಶುರುವಾಗುತ್ತದೆ. ಪ್ರಶ್ನೆಗೆ ಉತ್ತರ ಬರೆದಾದ ಮೇಲೆ ಬೇಕಿದ್ದರೆ ಕಟ್ಟಿನ ಜೊತೆ ಬಂದ ಪುಸ್ತಕದಲ್ಲಿ ಅರ್ಥ ನೋಡಿ, ಮೊದಲು ನೋಡಬೇಡಿ. ಪುಸ್ತಕದ ಅರ್ಥ ಒಮ್ಮೆ ತಲೆಗೆ ಹೊಕ್ಕರೆ ಕಣ್ಣು ಚಿತ್ರ ನೋಡುವುದನ್ನು ನಿಲ್ಲಿಸುತ್ತದೆ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಪೊನ್ನಂಪೇಟೆ ಕಡೆ ಎರಡು ರೂಮಿನ ಹೋಂಸ್ಟೇ ನಡೆಸುವ ಮನೆಯ ಸೊಸೆ. ಮದುವೆಗೆ ಮುಂಚೆ ಪ್ರೈಮರಿ ಶಾಲೆಯಲ್ಲಿ ಟೀಚರ್, ಈಗ ಪೂರ್ತಿ ಅಡುಗೆಮನೆ. ‘ಇಷ್ಟ’ದ ಪುಟದಲ್ಲಿ ಅವರು ಬರೆದದ್ದು: ಅತಿಥಿಗಳಿಗೆ ನೂಪುಟ್ಟು, ಕಡಂಬುಟ್ಟು ಮಾಡಿ ಬಡಿಸುವುದು. ಎಲ್ಲರೂ ಹೊಗಳುವುದು ಅದನ್ನೇ.

ಇಷ್ಟದ ಜಾಗಕ್ಕೆ ಪೇಜ್ ಆಫ್ ಕಪ್ಸ್ ಬಂತು. ಹೂವಿನ ಅಂಗಿಯ ಹುಡುಗ, ಕೈಯಲ್ಲಿ ಬಟ್ಟಲು, ಅದರೊಳಗಿಂದ ಮೀನೊಂದು ತಲೆ ಎತ್ತಿದೆ, ಹಿಂದೆ ಸಮುದ್ರ. ಅಡುಗೆ ಮಾಡುವವರ ಕಣ್ಣಿಗೆ ಮೊದಲು ಬಿದ್ದದ್ದು, ಮೀನು ಸಾರಿಗೆ ಹೋಗಿಲ್ಲ, ಹುಡುಗ ಅದರ ಜೊತೆ ಮಾತಾಡುತ್ತಿದ್ದಾನೆ. ಪ್ರಶ್ನೆ: ಒಲೆಯ ಮುಂದೆ ಇಲ್ಲದಾಗ ಯಾರ ಜೊತೆ ಮಾತಾಡುತ್ತಾ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ? ಉತ್ತರ: ಬಂದವರ ಮಕ್ಕಳನ್ನು ತೋಟದೊಳಗೆ ಕರೆದುಕೊಂಡು ಹೋಗಿ ಇದು ಏಲಕ್ಕಿ, ಇದು ಮದ್ದುಸೊಪ್ಪು ಎಂದು ತೋರಿಸುವಾಗ. ಐದು ಸಾಲಿನಲ್ಲಿ ಇದು ಇರಲೇ ಇಲ್ಲ.

ಊರಿನ ಜಾಗಕ್ಕೆ ಫೈವ್ ಆಫ್ ಪೆಂಟಕಲ್ಸ್. ಹಿಮದಲ್ಲಿ ಇಬ್ಬರು ಬಡವರು, ಒಬ್ಬ ಊರುಗೋಲಿನವ, ಮೇಲೆ ಬೆಳಕಿರುವ ಬಣ್ಣದ ಕಿಟಕಿ. ಕಣ್ಣು ಹೋದದ್ದು ಕಿಟಕಿಗೆ. ನಮ್ಮ ಊರಲ್ಲಿ ಬೆಳಕಿನ ಕಿಟಕಿಯ ಹೊರಗೆ ಯಾವಾಗ, ಯಾರು ಇರುತ್ತಾರೆ? ಶಾಲೆ ಬಿಟ್ಟ ಮೇಲೆ, ಅಪ್ಪ ಅಮ್ಮ ಕೆಲಸದಿಂದ ಬರುವವರೆಗೆ, ತೋಟದ ಆಳುಗಳ ಲೈನ್ ಮನೆಯ ಮಕ್ಕಳು. ಕೈ ಪಳಗಿದ್ದರ ಜಾಗಕ್ಕೆ ಥ್ರೀ ಆಫ್ ಪೆಂಟಕಲ್ಸ್: ಚರ್ಚಿನೊಳಗೆ ಕಲ್ಲುಕೆಲಸದವ ಬೆಂಚಿನ ಮೇಲೆ ನಿಂತಿದ್ದಾನೆ, ಇಬ್ಬರು ನಕ್ಷೆ ಹಿಡಿದು ಮಾತಾಡುತ್ತಿದ್ದಾರೆ. ಇಲ್ಲಿ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಾಠದ ಯೋಜನೆ ಬರೆಯುವುದು ಅವರಿಗೆ ಇನ್ನೂ ಮರೆತಿಲ್ಲ.

ಮನೆಗೆ ಟೆನ್ ಆಫ್ ವ್ಯಾಂಡ್ಸ್. ಹತ್ತು ಕೋಲು ತಬ್ಬಿ ಹೊತ್ತವನ ಮುಖ ಕೋಲುಗಳಲ್ಲಿ ಹುದುಗಿದೆ, ಮನೆ ದೂರದಲ್ಲಿ ಕಾಣುತ್ತದೆ. ‘ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಮುಖ ಕಾಣದ ಹಾಗೆ ಹೊರುತ್ತೇನೆ?’ ಸಂಜೆ 4ರಿಂದ 8. ಟೀ, ಪಂದಿಕರಿ, ಬಿಸಿನೀರು, ಅತ್ತೆಯ ಮಾತ್ರೆ. ಗಂಟೆಯ ಲೆಕ್ಕ ಬಂದದ್ದೇ ಇಲ್ಲಿ ಲಾಭ. ‘ಎಲ್ಲ ನನ್ನ ತಲೆ ಮೇಲೆ’ ಎನ್ನುವುದು ನಾಲ್ಕು ಗಂಟೆಯಾಗಿ ಅಳತೆಗೆ ಸಿಕ್ಕಿತು.

ದುಡ್ಡಿಗೆ ಸೆವೆನ್ ಆಫ್ ಸ್ವೋರ್ಡ್ಸ್: ಡೇರೆಗಳ ಬಳಿಯಿಂದ ಒಬ್ಬ ಐದು ಕತ್ತಿ ಹೊತ್ತು ಹಿಂದೆ ನೋಡುತ್ತಾ ಜಾರಿಕೊಳ್ಳುತ್ತಿದ್ದಾನೆ, ಎರಡು ಕತ್ತಿ ನೆಲದಲ್ಲೇ ನಿಂತಿವೆ. ಪುಸ್ತಕ ಮೊದಲೇ ತೆರೆದಿದ್ದರೆ ‘ಕಳ್ಳತನ, ಮೋಸ’ ಎಂದು ಓದಿ ಯಾರ ಮೇಲೋ ಅನುಮಾನ ಶುರುವಾಗುತ್ತಿತ್ತು. ಚಿತ್ರ ಮಾತ್ರ ನೋಡಿದವರು ಕೇಳಿದ ಪ್ರಶ್ನೆ: ಯಾವ ಎರಡು ಖರ್ಚನ್ನು ಅಲ್ಲೇ ಬಿಟ್ಟು ನಡೆಯಬಹುದು? ನಾಳೆಯ ಜಾಗಕ್ಕೆ ಸೆವೆನ್ ಆಫ್ ಪೆಂಟಕಲ್ಸ್, ಗುದ್ದಲಿಗೆ ಒರಗಿ ಗಿಡವನ್ನು ನೋಡುತ್ತಾ ನಿಂತವನು. ಉತ್ತರ: ಕೆಲಸ ನಿಲ್ಲಿಸಿ 20 ನಿಮಿಷ ನಿಲ್ಲುವುದು, ಮೂರು ನಾಲ್ಕು ಮಕ್ಕಳ ಜೊತೆ, ಒಂದು ಗಿಡದ ಮುಂದೆ.

ಆರರಲ್ಲಿ ಮೂರು ಪೆಂಟಕಲ್ಸ್ ಬಂತು, ಧನಯೋಗ ಎಂದು ಹೇಳುವವರು ಸಿಗುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಒಂದೊಂದು ಬಣ್ಣದಲ್ಲೂ 14 ಕಾರ್ಡಿರುವ ಕಟ್ಟಿನಲ್ಲಿ ಇದು ಆಗಾಗ ಆಗುವಂಥದ್ದೇ.

ಏಳು ದಿನದ ಪರೀಕ್ಷೆ

ಆರು ಉತ್ತರಗಳನ್ನು ಒಂದು ಪುಟದಲ್ಲಿ ಬರೆದು, ಎರಡು ಜಾಗದಲ್ಲಿ ಮತ್ತೆ ಬಂದ ಕೆಲಸ ಯಾವುದು ನೋಡಿ. ನಾಲ್ಕರಲ್ಲೂ ಬರಬೇಕಿಲ್ಲ. ಮೇಲಿನ ಉದಾಹರಣೆಯಲ್ಲಿ ‘ಮಕ್ಕಳಿಗೆ ತೋರಿಸುವುದು’ ಇಷ್ಟದಲ್ಲೂ ಊರಿನಲ್ಲೂ ಇದೆ, ಕೈ ಪಳಗಿದ್ದರಲ್ಲಿ ಅದರ ನೆರಳಿದೆ. ಅದನ್ನು 7 ದಿನ ಮಾಡಿ ನೋಡುವ ಕೆಲಸವಾಗಿ ಕತ್ತರಿಸಿ. ಅಳತೆ ಇಷ್ಟಿರಲಿ: ದಿನಕ್ಕೆ 20 ನಿಮಿಷ ಮೀರಬಾರದು, ಹೊಸ ಸಾಮಾನು ಕೊಳ್ಳಬಾರದು, ಮನೆಯಲ್ಲಿ ಒಬ್ಬರಿಗೆ ಹೇಳಿರಬೇಕು. ಬೋರ್ಡು ಬರೆಸಿ, ಫೋಟೋ ಹಾಕಿ, ವಾಟ್ಸಾಪ್ ಗುಂಪು ಮಾಡಿ ಶುರು ಮಾಡುವವರದ್ದು ಸಾಮಾನ್ಯವಾಗಿ ಮೂರನೇ ದಿನಕ್ಕೆ ಮುಗಿಯುತ್ತದೆ. ಹೊಗಳಿಕೆ ಮೊದಲೇ ಸಿಕ್ಕಿಬಿಟ್ಟಿರುತ್ತದೆ.

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ. ಮಾಡಿದೆಯಾ ಇಲ್ಲವಾ, ಮಾಡುವ ಮೊದಲು ಉಮೇದು 0ಯಿಂದ 5ರಲ್ಲಿ ಎಷ್ಟು, ಮಾಡಿದ ಮೇಲೆ ಎಷ್ಟು, ಯಾವ ಗಳಿಗೆಯಲ್ಲಿ ಹಿಡಿಸಿತು, ಒಂದೇ ಸಾಲು. ಕಾಮಿಯಾ ಹೇಳುವ ಆ ಎರಡನೆಯದು, ಅನುಭವ, ಸಿಕ್ಕುವುದು ಮೂರನೇ ನಾಲ್ಕನೇ ಕಾಲಮಿನಲ್ಲಿ. ಮೊದಲಿನ ಅಂಕಿ ಕಡಿಮೆ ಇದ್ದು ಆಮೇಲಿನದು ಏರಿದ್ದರೆ ಒಳ್ಳೆಯ ಸುಳಿವು. ಮೊದಲೂ ಆಮೇಲೂ 5 ಎಂದು ಏಳೂ ದಿನ ಬರೆದಿದ್ದರೆ ಒಂದೋ ನೀವು ನಿಮಗೇ ಸುಳ್ಳು ಹೇಳುತ್ತಿದ್ದೀರಿ, ಇಲ್ಲವೇ ಕೆಲಸ ತೀರಾ ಹಗುರದ್ದು.

ನಮ್ಮ ಟೀಚರ್ ಸೊಸೆಗೆ 5 ಗಂಟೆಯ ಹೊತ್ತು ಅತಿಥಿಗಳ ಟೀ ಜೊತೆ ಡಿಕ್ಕಿ ಹೊಡೆಯಿತು ಅನ್ನಿ. ಏಳರಲ್ಲಿ ಆದದ್ದು ಮೂರು ದಿನ. ಇದು ಸೋಲಲ್ಲ, ಮಾಹಿತಿ. ಮೂರು ದಿನದ ಮೂರನೇ ಕಾಲಂ ನೋಡಿದರೆ, ಕೂರಿಸಿ ಬರೆಸಿದ ದಿನ 2, ನಡೆಸಿಕೊಂಡು ಹೋದ ಎರಡು ದಿನ 4. ಅಂದರೆ ಹಿಡಿಸುವುದು ಪಾಠ ಮಾಡುವುದಲ್ಲ, ನಡೆಯುತ್ತಾ ತೋರಿಸುವುದು. ಮುಂದಿನ ವಾರ ಹೊತ್ತು ಬದಲಿಸಿ ಅದನ್ನಷ್ಟೇ ಮಾಡಿ ನೋಡಬೇಕು. ಮೂರಕ್ಕಿಂತ ಕಡಿಮೆ ದಿನ ಆಗಿದ್ದರೆ ಏನೂ ತೀರ್ಮಾನ ಮಾಡಬೇಡಿ. ಕೆಲಸವನ್ನು 10 ನಿಮಿಷಕ್ಕೆ ಇಳಿಸಿ ಮತ್ತೊಂದು ವಾರ ನೋಡಿ.

ಎಡವುವ ಜಾಗಗಳು

ಹಿಡಿಸದ ಕಾರ್ಡು ಬಂದರೆ ಮತ್ತೊಂದು ತೆಗೆಯುವ ಚಪಲ ಎಲ್ಲರಿಗೂ ಇದೆ. ಮೂರನೇ ಸಲ ತೆಗೆದ ಕಾರ್ಡು ನಿಮ್ಮ ಹಳೆಯ ಬಾಯಿಪಾಠಕ್ಕೆ ಒಪ್ಪುವಂಥದ್ದೇ ಆಗಿರುತ್ತದೆ, ಯಾಕೆಂದರೆ ಒಪ್ಪುವವರೆಗೂ ನೀವು ನಿಲ್ಲಿಸುವುದಿಲ್ಲ. ಒಂದು ಪ್ರಶ್ನೆಗೆ ಒಂದು ಕಾರ್ಡು, ಅದೇ ಪ್ರಶ್ನೆಗೆ ಮತ್ತೆ ಕೂರುವುದು 30 ದಿನದ ಮೇಲೆ.

‘ಆಗುತ್ತಾ, ಇಲ್ಲವಾ’ ಎಂಬ ಪ್ರಶ್ನೆ ಇನ್ನೊಂದು. ‘ಮಗನಿಗೆ ಕೆನಡಾ ವೀಸಾ ಸಿಗುತ್ತಾ’ ಎಂದರೆ ಕಾರ್ಡಿಗೆ ಏನೂ ಗೊತ್ತಿಲ್ಲ. ‘ಅವನು ಹೋದ ಮೇಲಿನ ಸಂಜೆಗಳಲ್ಲಿ ನಾನು ಏನು ಮಾಡಲು ಬಯಸುತ್ತೇನೆ’ ಎಂದು ತಿರುಗಿಸಿ. ಎದುರಿಗೆ ಇಲ್ಲದವರ ಬಗ್ಗೆ ಕಾರ್ಡು ತೆಗೆಯಲೇಬೇಡಿ. ಭಾವನ ಮನಸ್ಸಿನಲ್ಲಿ ಏನಿದೆ, ಪಾಲು ಕೊಡುತ್ತಾನಾ ಎಂದು ಕಾರ್ಡಿನಲ್ಲಿ ನೋಡಿ ಮನೆಯೊಳಗೆ ಮುಖ ಮುರಿದುಕೊಂಡರೆ ಅದನ್ನು ಸರಿಮಾಡುವ ಕಾರ್ಡು ಯಾವ ಕಟ್ಟಿನಲ್ಲೂ ಇಲ್ಲ.

ತೋಟ ಮಾರುವುದು, ಸಾಲ ಎತ್ತುವುದು, ಕೆಲಸ ಬಿಟ್ಟು ಊರಿಗೆ ಬರುವುದು, ಮದುವೆ. ಇವು ಆರು ಕಾರ್ಡಿಗೆ ಹೊರಿಸುವ ಭಾರ ಅಲ್ಲ. ಪಹಣಿ, ಲೆಕ್ಕಪತ್ರ, ವಕೀಲರು, ಒಕ್ಕದ ಹಿರಿಯರು, ಇವರ ಮುಂದೆ ಇಡುವಂಥವು. ಕಾರ್ಡಿನಲ್ಲಿ ದೋಷ ಕಂಡಿದೆ, ಪರಿಹಾರಕ್ಕೆ ಇಷ್ಟು ಕೊಡಿ ಎನ್ನುವವರು ಸಿಕ್ಕರೆ ಎದ್ದು ಬನ್ನಿ. ಟ್ಯಾರೋದಲ್ಲಿ ದೋಷ, ಪರಿಹಾರ ಎಂಬ ಬಾಬತ್ತೇ ಇಲ್ಲ. ಇನ್ನು, ‘ಇಷ್ಟ’ದ ಪುಟದಲ್ಲಿ ಒಂದು ಸಾಲೂ ಬರದೆ, ನಿದ್ದೆ ಊಟ ಕೆಟ್ಟು, ಎರಡು ವಾರದಿಂದ ಯಾವುದರಲ್ಲೂ ರುಚಿ ಇಲ್ಲ ಎನ್ನುವ ಸ್ಥಿತಿ ಇದ್ದರೆ ಕಾರ್ಡು ಎತ್ತಿಡಿ. ಅದು ಗುರಿ ಹುಡುಕುವ ಹೊತ್ತಲ್ಲ, ಡಾಕ್ಟರನ್ನು ನೋಡುವ ಹೊತ್ತು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇಬ್ಬರಾಗಿ ಕೂರುವುದಾದರೆ

ಗಂಡ ಹೆಂಡತಿ, ಅಕ್ಕ ತಂಗಿ, ಗೆಳತಿಯರು ಒಟ್ಟಿಗೆ ಕೂರಬಹುದು, ಆದರೆ ಒಬ್ಬರ ಕಾರ್ಡನ್ನು ಇನ್ನೊಬ್ಬರು ಓದುವ ಹಾಗಿಲ್ಲ. ಎದುರಿನವರ ಕೆಲಸ ಬರೀ ‘ಇನ್ನೇನು ಕಾಣಿಸುತ್ತದೆ?’ ಎಂದು ಕೇಳುವುದು. ‘ನೋಡು, ನಾನು ಆವತ್ತೇ ಹೇಳಿದ್ದೆ’ ಎಂದು ಬಾಯಿಗೆ ಬಂದರೆ ನುಂಗಿಕೊಳ್ಳುವುದು. ಅದು ಕಷ್ಟ ಎಂದು ಕಂಡರೆ ಬೇರೆ ಬೇರೆ ಕೋಣೆಯಲ್ಲಿ ಕೂತು, ಆರನೆಯ ಉತ್ತರವನ್ನು ಮಾತ್ರ ಒಬ್ಬರಿಗೊಬ್ಬರು ಓದಿ ಹೇಳಿ.

ಎರಡನೆಯ ಬೈಠಕ್ ಏಳು ದಿನ ಮುಗಿದ ಮರುದಿನ, 40 ನಿಮಿಷ. ಆಗ ಆರೂ ಕಾರ್ಡು ಬೇಕಿಲ್ಲ. ನಾಲ್ಕನೇ ಕಾಲಂ ಮೊದಲಿಂದ ಓದಿ, ಹೊಸದಾಗಿ ಒಂದೇ ಕಾರ್ಡು ತೆಗೆಯಿರಿ, ‘ಅಡ್ಡ ಬಂದದ್ದು ಎಲ್ಲಿ, ಯಾವಾಗ’ ಎಂಬ ಪ್ರಶ್ನೆಗೆ. ಪೂರ್ತಿ ಹರವನ್ನು ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಹಾಕಬೇಡಿ. ಒಮ್ಮೆ ಸೆಪ್ಟೆಂಬರಿನಲ್ಲಿ, ಬೇಕಿದ್ದರೆ ಇನ್ನೊಮ್ಮೆ ಕುಯ್ಲು, ಹೂ ಮಳೆ ಎರಡೂ ಮುಗಿದ ಮೇಲೆ. ಹಾಕಿದಾಗಲೆಲ್ಲ ಮೊದಲ 20 ನಿಮಿಷದ ನಾಲ್ಕು ಪುಟವನ್ನು ಹೊಸದಾಗಿ ಬರೆಯಿರಿ, ಹಳೆಯದನ್ನು ನೋಡದೆ. ಬರೆದಾದ ಮೇಲೆ ಹಳೆಯ ಪುಟ ಪಕ್ಕಕ್ಕಿಟ್ಟು ಯಾವ ಸಾಲು ಬಿದ್ದುಹೋಗಿದೆ, ಯಾವುದು ಹೊಸದಾಗಿ ಬಂದಿದೆ ಗುರುತು ಹಾಕಿ. ಆ ಹೊಸ ಸಾಲಿನಿಂದಲೇ ಮುಂದಿನ ಏಳು ದಿನದ ಕೆಲಸ ಕತ್ತರಿಸಿ.